ಹಾಡು ಬೇಕಾದ ದಾರಿ, ಹಾಡು ಬೇಡದ ಏರು

ನಡೆಯುವಾಗ ಹಾಡು ಕೇಳುವ ನನ್ನ ಪ್ಲೇಯರ್‌ಗೆ ಪರದೆ ಇಲ್ಲ. ಬೆಂಕಿಪೊಟ್ಟಣಕ್ಕಿಂತ ಒಂಚೂರು ಚಿಕ್ಕದು. ಹಿಂದೆ ಒಂದು ಕ್ಲಿಪ್, ಮುಂದೆ ಐದು ಗುಂಡಿ, ಪಕ್ಕದಲ್ಲಿ ಮೆಮೊರಿ ಕಾರ್ಡ್ ತೂರಿಸುವ ಸಂದು. ಅಷ್ಟೇ. ಮೈಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಚಿತ್ರದುರ್ಗದ ಲಕ್ಷ್ಮಿ ಬಜಾರ್ ಕಡೆಯ ಒಂದು ಮೊಬೈಲ್ ಅಂಗಡಿಯಲ್ಲಿ, ಫೋನ್ ಕವರ್‌ಗಳ ಮಧ್ಯೆ ನೇತಾಡುತ್ತಿತ್ತು. ತಂದು ವರ್ಷಗಳೇ ಆದವು.

‘ಫೋನ್ ಇದೆಯಲ್ಲಮ್ಮ, ಇದ್ಯಾಕೆ?’ ಅಂತ ಮಗಳು ಕೇಳುತ್ತಾಳೆ. ಇದಕ್ಕೆ ನನ್ನ ಮೊದಲ ಉತ್ತರ ಜೇಬು. ಗಂಡಸರಿಗೆ ಈ ಕಷ್ಟ ಬೇಗ ಹೊಳೆಯುವುದಿಲ್ಲ. ನಮ್ಮ ಚೂಡಿದಾರಕ್ಕೆ ಜೇಬಿರುವುದಿಲ್ಲ. ದರ್ಜಿಗೆ ಹೇಳಿ ಇಡಿಸಿಕೊಂಡರೂ ಫೋನ್ ಹಾಕಿದ ಕಡೆ ಬಟ್ಟೆ ಜಗ್ಗುತ್ತದೆ, ನಡೆಯುವಾಗ ತೊಡೆಗೆ ಬಡಿಯುತ್ತದೆ. ಕೈಯಲ್ಲಿ ಹಿಡಿದರೆ ಆ ಕೈ ಬೀಸುವುದೇ ಇಲ್ಲ. ತೋಳಿಗೆ ಕಟ್ಟುವ ಪಟ್ಟಿ ಅಂತ ಒಂದು ಬರುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದರ ಕೆಳಗೆ ಬೆವರು ಕೂತು ತುರಿಸುತ್ತದೆ.

ಹಾಗಂತ ಫೋನ್ ಮನೆಯಲ್ಲಿ ಬಿಟ್ಟು ಹೋಗುತ್ತೇನೆ ಅಂದುಕೊಳ್ಳಬೇಡಿ. ನಸುಕಿನಲ್ಲಿ ಒಬ್ಬಳೇ ನಡೆಯುವ ಹೆಂಗಸು ಹಾಗೆ ಮಾಡಬಾರದು. ಅದು ಸಣ್ಣ ಚೀಲದಲ್ಲಿ ಬೆನ್ನ ಮೇಲಿರುತ್ತದೆ. ಆದರೆ ಅದರಿಂದ ಹಾಡು ಕೇಳುವುದೆಂದರೆ ಪ್ರತಿ ಸಲ ನಿಲ್ಲಬೇಕು, ಚೀಲದ ಜಿಪ್ ಎಳೆಯಬೇಕು, ಬೆರಳಿನ ಬೆವರು ಒರೆಸಬೇಕು. ಕೊನೆಗೆ, ನನ್ನ ವಯಸ್ಸಿನವರಾದರೆ, ಕನ್ನಡಕ ಹುಡುಕಬೇಕು. ಚಾಳೀಸು ಬಂದವರಿಗೆ ಪರದೆ ಇಲ್ಲದ ಪ್ಲೇಯರ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಹೆಬ್ಬೆರಳಿಗೆ ಗುಂಡಿ ಎಲ್ಲಿದೆ ಅಂತ ಗೊತ್ತು. ಕಣ್ಣು ದಾರಿಯ ಮೇಲೇ ಇರುತ್ತದೆ. ಫೋನಿನ ಜೊತೆ ಆಫೀಸಿನ ವಾಟ್ಸಾಪ್ ಗುಂಪೂ ವಾಕಿಂಗ್ ಬರುತ್ತದೆ ಅನ್ನುವ ಮಾತು ಬೇರೆ ಇದೆ. ಅದನ್ನು ಹೇಳಿದವರು ಬೇಕಾದಷ್ಟು ಜನ ಇದ್ದಾರೆ, ನಾನು ಬಿಡುತ್ತೇನೆ.

ನನ್ನ ದಾರಿಗಳು ಎರಡು. ವಾರದ ದಿನಗಳಲ್ಲಿ ಚಂದ್ರವಳ್ಳಿ ಕಡೆ. ಸಮಯ ಸಿಕ್ಕ ಭಾನುವಾರ ಜೋಗಿಮಟ್ಟಿ ರಸ್ತೆ. ಚಂದ್ರವಳ್ಳಿಗೆ ದೊಡ್ಡ ಏರಿಲ್ಲ. ಎರಡೂ ಕಡೆ ಬಂಡೆಗುಡ್ಡ, ಕೊನೆಗೆ ಕೆರೆ. ಕದಂಬರ ಮಯೂರಶರ್ಮನ ಶಾಸನ ಇರುವುದು ಅಲ್ಲೇ. ಜೋಗಿಮಟ್ಟಿ ಹಾಗಲ್ಲ. ಆಡುಮಲ್ಲೇಶ್ವರದ ಕಡೆ ತಿರುಗಿದ ಮೇಲೆ ರಸ್ತೆ ನಮ್ಮನ್ನು ಪರೀಕ್ಷೆ ಮಾಡಲು ಶುರು ಮಾಡುತ್ತದೆ. ಮೊದಲ ದಾರಿಗೆ ನನಗೆ ಹಾಡು ಬೇಕು. ಎರಡನೆಯದಕ್ಕೆ ಬೇಡ. ಇದನ್ನು ಮೊದಲು ಹೇಳಿದ್ದು ಕಾಲು. ಕಾರಣ ಆಮೇಲೆ ಓದಿ ತಿಳಿದದ್ದು.

ಜೋಗಿಮಟ್ಟಿಗೂ ಹಾಡು ಹಾಕಿಕೊಂಡು ಹೋದರೆ ಆಗುವುದು ಹೀಗೆ: ಏರು ಶುರುವಾಗುವವರೆಗೆ ಹಾಡು ಚೆನ್ನಾಗಿ ಕೇಳುತ್ತಿರುತ್ತದೆ. ತಬಲಾ ಎಲ್ಲಿ ಬಂತು, ಕೊಳಲು ಎಲ್ಲಿ ಬಂತು ಎಲ್ಲ ಗೊತ್ತಾಗುತ್ತದೆ. ಏರಿನ ಅರ್ಧಕ್ಕೆ ಬಂದಾಗ ಏದುಸಿರು. ಆಗ ಗಮನಿಸಿ ನೋಡಿದರೆ ಎರಡು ಹಾಡು ಮುಗಿದು ಮೂರನೆಯದು ಓಡುತ್ತಿರುತ್ತದೆ, ಅವೆರಡು ಯಾವುವು ಅಂತ ನೆನಪೇ ಇರುವುದಿಲ್ಲ. ಕಿವಿಗೆ ಬಿದ್ದಿರುತ್ತವೆ, ಕೇಳಿಸಿರುವುದಿಲ್ಲ.

ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಕೋಸ್ಟಾಸ್ ಕರಾಗೆಯೋರ್ಗಿಸ್ ಎಂಬ ಪ್ರಾಧ್ಯಾಪಕರು ಬಹಳ ವರ್ಷ ಇದೇ ವಿಷಯದ ಮೇಲೆ ಕೆಲಸ ಮಾಡಿದ್ದಾರೆ. ಅವರಂಥವರು ಕಂಡುಕೊಂಡದ್ದು ಇಷ್ಟು. ಹಗುರ ಮತ್ತು ಮಧ್ಯಮ ವ್ಯಾಯಾಮದಲ್ಲಿ ಹಾಡು ಆಯಾಸದ ಅನಿಸಿಕೆಯನ್ನು ಕಡಿಮೆ ಮಾಡುತ್ತದೆ. ಮೈ ಪಡುವ ಶ್ರಮ ಅಷ್ಟೇ ಇರುತ್ತದೆ, ನಮಗೆ ಅದು ಕಮ್ಮಿ ಅನಿಸುತ್ತದೆ. ಶ್ರಮ ತೀರಾ ಜಾಸ್ತಿಯಾದಾಗ ಈ ಆಟ ನಡೆಯುವುದಿಲ್ಲ. ಉಸಿರು, ಎದೆಬಡಿತ, ತೊಡೆಯ ಉರಿ ಇವೆಲ್ಲ ಒಟ್ಟಿಗೆ ಕೂಗಲು ಶುರು ಮಾಡಿದ ಮೇಲೆ ಮೆದುಳಿಗೆ ಹಾಡಿನ ಕಡೆ ನೋಡಲು ಬಿಡುವಿಲ್ಲ. ಅಂದರೆ ನಮಗೆ ನೆರವು ಬೇಕೇ ಬೇಕು ಅನಿಸುವ ಜಾಗದಲ್ಲೇ ಹಾಡು ಕೈಬಿಡುತ್ತದೆ. ಅದು ಕೆಲಸಕ್ಕೆ ಬರುವುದು ಬೇಸರದ ಜಾಗದಲ್ಲಿ. ದಿನಾ ನೋಡಿದ ಅದೇ ಮನೆ, ಅದೇ ಕಾಂಪೌಂಡು, ಅದೇ ಟ್ರಾನ್ಸ್‌ಫಾರ್ಮರ್ ದಾಟಿ ಹೋಗುವಾಗ.

ನನಗಂತೂ ಇದು ಸಮಾಧಾನದ ಸುದ್ದಿ. ವಾಕಿಂಗ್ ಬಿಟ್ಟುಬಿಡುವವರು ಯಾರೂ ಗುಡ್ಡದ ಮಧ್ಯದಲ್ಲಿ ಬಿಡುವುದಿಲ್ಲ. ಬಿಡುವುದು ಮಾಮೂಲಿ ಮಂಗಳವಾರ, ಹಾಸಿಗೆಯಲ್ಲಿ, ‘ಇವತ್ತು ಬೇಡ ಬಿಡು’ ಅನ್ನುವಾಗ. ಎಬ್ಬಿಸಿ ಹೊರಗೆ ಕಳಿಸುವಷ್ಟು ಕೆಲಸ ಹಾಡು ಮಾಡಿದರೆ ಸಾಕು.

ಸಂಗೀತ ಕೇಳುತ್ತಾ ಮೈ ದಂಡಿಸುವುದರ ಬಗ್ಗೆ ತುಂಬಾ ಹಿಂದೆಯೇ ಕುತೂಹಲ ಇತ್ತು. ನ್ಯೂಯಾರ್ಕಿನಲ್ಲಿ ಆರು ದಿನಗಳ ಸೈಕಲ್ ಸ್ಪರ್ಧೆ ನಡೆಯುತ್ತಿತ್ತು. ಲಿಯೊನಾರ್ಡ್ ಐರ್ಸ್ ಎಂಬಾತ ಸವಾರರ ವೇಗ ಲೆಕ್ಕ ಹಾಕಿ 1911ರಲ್ಲಿ ಬರೆದ: ಬ್ಯಾಂಡ್ ನುಡಿಸುತ್ತಿದ್ದಾಗ ಅವರು ಜೋರಾಗಿ ತುಳಿಯುತ್ತಿದ್ದರು, ಬ್ಯಾಂಡ್ ನಿಂತಾಗ ವೇಗ ಇಳಿಯುತ್ತಿತ್ತು. ಆಗ ಸಂಗೀತ ಬೇಕೆಂದರೆ ಒಂದು ಬ್ಯಾಂಡನ್ನೇ ಕರೆಸಬೇಕಿತ್ತು. ಅದು ವೇಲಿನ ಮೇಲೆ ಬಂದು ಕೂರಲು ಬಹಳ ಕಾಲ ಬೇಕಾಯಿತು.

1979ರ ಜುಲೈ 1ರಂದು ಜಪಾನಿನಲ್ಲಿ ಸೋನಿಯವರ ವಾಕ್‌ಮನ್ ಮಾರಾಟಕ್ಕೆ ಬಂತು. ನಡೆಯುವವರಿಗೆ ಅದು ವರವೇ. ಆದರೆ ಒಳಗೆ ಚಕ್ರ ತಿರುಗಬೇಕು, ಟೇಪ್ ಓಡಬೇಕು. ನೀವು ಕುಪ್ಪಳಿಸಿದರೆ ಟೇಪಿನ ಓಟ ಏರುಪೇರಾಗುತ್ತದೆ, ಗಾಯಕಿಯ ದನಿ ನಡುಗುತ್ತದೆ. ಸಿಡಿ ಪ್ಲೇಯರ್ ಇನ್ನೂ ನಾಜೂಕು. ತಿರುಗುವ ತಟ್ಟೆಯ ಮೇಲಿನ ಸಣ್ಣ ಗುಳಿಗಳನ್ನು ಲೇಸರ್ ಬೆಳಕು ಓದಬೇಕು, ಒಂದು ಹೆಜ್ಜೆ ಜೋರಾಗಿ ಬಿದ್ದರೆ ಹಾಡು ಹಾರಿಬಿಡುತ್ತದೆ. ಕಂಪನಿಗಳು ಕೆಲವು ಸೆಕೆಂಡಿನಷ್ಟು ಹಾಡನ್ನು ಮುಂಚೆಯೇ ಓದಿಟ್ಟುಕೊಳ್ಳುವ ಉಪಾಯ ಮಾಡಿದವು. ಅದು ನಡೆಯುವವರಿಗೆ ಸಾಕಾಯಿತು, ಓಡುವವರಿಗೆ ಅಷ್ಟಕ್ಕಷ್ಟೇ. 2001ರಲ್ಲಿ ಬಂದ ಮೊದಲ ಐಪಾಡ್ ಒಳಗೂ ಇದ್ದದ್ದು ತಿರುಗುವ ಹಾರ್ಡ್ ಡಿಸ್ಕ್, 5 ಜಿಬಿಯದು.

ವ್ಯಾಯಾಮ ಮಾಡುವವರಿಗೆ ನಿಜವಾಗಿ ಒಗ್ಗಿದ್ದು ಫ್ಲ್ಯಾಶ್ ಮೆಮೊರಿ. ಒಳಗೆ ತಿರುಗುವುದು, ಅಲುಗಾಡುವುದು ಏನೂ ಇಲ್ಲ. ಚಿಪ್ಪಿನಲ್ಲಿ ಹಾಡು ಇರುತ್ತದೆ, ನೀವು ಕುಣಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಅಂಥ ಎಂಪಿ3 ಪ್ಲೇಯರ್‌ಗಳು 1998ರಲ್ಲೇ ಬಂದವು. ಆ ವರ್ಷದ ಡೈಮಂಡ್ ರಿಯೊದಲ್ಲಿ ಇದ್ದದ್ದು 32 ಎಂಬಿ ಜಾಗ. ಮಾಮೂಲಿ ಗುಣಮಟ್ಟದ ಹಾಡಿಗೆ ನಿಮಿಷಕ್ಕೆ ಸುಮಾರು ಒಂದು ಎಂಬಿ ಬೇಕು. ಲೆಕ್ಕ ಹಾಕಿ, ಅರ್ಧ ಗಂಟೆ. ಒಂದು ಸುತ್ತು ವಾಕಿಂಗ್‌ಗೆ ಸರಿಯಾಯಿತು ಅನ್ನಿ.

2005ರ ಜನವರಿಯಲ್ಲಿ ಆ್ಯಪಲ್‌ನವರು ಐಪಾಡ್ ಶಫಲ್ ತಂದರು. 22 ಗ್ರಾಂ ತೂಕ, ಪರದೆಯೇ ಇಲ್ಲ. 512 ಎಂಬಿಯದರಲ್ಲಿ 120 ಹಾಡು, 1 ಜಿಬಿಯದರಲ್ಲಿ 240 ಹಾಡು ಹಿಡಿಯುತ್ತದೆ ಎಂದು ಕಂಪನಿ ಹೇಳಿಕೊಂಡಿತು. ಮರುವರ್ಷ ಅದನ್ನೇ ಇನ್ನೂ ಚಿಕ್ಕದು ಮಾಡಿ ಕ್ಲಿಪ್ ಕೊಟ್ಟರು. ನನ್ನ ಬಜಾರ್ ಪ್ಲೇಯರ್‌ನ ಅಜ್ಜಿ ಅದೇ. ಆಮೇಲೆ ನಡೆದದ್ದು ತಮಾಷೆ. 2009ರಲ್ಲಿ ಪ್ಲೇಯರ್ ಮೇಲಿದ್ದ ಹಾಡು ಬದಲಿಸುವ ಗುಂಡಿಗಳನ್ನೆಲ್ಲ ತೆಗೆದು ಇಯರ್‌ಫೋನಿನ ವೈರ್ ಮೇಲೆ ಇಟ್ಟರು. ನೋಡಲು ಬಲು ಚೆಂದ. ಬೇರೆ ಇಯರ್‌ಫೋನ್ ಹಾಕಿದರೆ ಹಾಡು ಬದಲಿಸುವ ಹಾಗೇ ಇಲ್ಲ. 2010ರಲ್ಲಿ ಗುಂಡಿಗಳು ವಾಪಸ್ ಬಂದವು. ಬೆವರಿದ ಬೆರಳಿಗೆ ಏನು ಬೇಕು ಅನ್ನುವುದು ಮೇಜಿನ ಮುಂದೆ ಕೂತವರಿಗೆ ಕೆಲವೊಮ್ಮೆ ತಡವಾಗಿ ತಿಳಿಯುತ್ತದೆ. 2017ರಲ್ಲಿ ಶಫಲ್ ನಿಂತುಹೋಯಿತು. ಅದನ್ನು ನೋಡಿ ಮಾಡಿದ ಹೆಸರಿಲ್ಲದ ಚೈನಾ ಪ್ಲೇಯರ್‌ಗಳು ಮಾತ್ರ ನಮ್ಮಂಥ ಊರುಗಳ ಅಂಗಡಿಯಲ್ಲಿ ನೇತಾಡುತ್ತಲೇ ಇದ್ದವು.

ಇವುಗಳ ಜೊತೆಗೇ ಒಂದು ಕಸುಬು ಬೆಳೆದಿತ್ತು. ಮೊಬೈಲ್ ಅಂಗಡಿಗಳಲ್ಲಿ ‘ಇಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿ ಕೊಡಲಾಗುವುದು’ ಅಂತ ಚೀಟಿ ಅಂಟಿಸಿರುತ್ತಿದ್ದರು, ನೆನಪಿದೆಯಾ? ಕಂಪ್ಯೂಟರ್ ಮುಂದೆ ಕೂತ ಹುಡುಗ ನಿಮ್ಮ ಮುಖ ನೋಡಿಯೇ ನಿಮ್ಮ ಹಾಡು ತೀರ್ಮಾನ ಮಾಡುತ್ತಿದ್ದ. ನನಗೆ ಒಂದು ಭಕ್ತಿಗೀತೆ ಫೋಲ್ಡರ್, ಒಂದು ಹಳೇ ಚಿತ್ರಗೀತೆ ಫೋಲ್ಡರ್. ಕೇಳದೇ ಇದ್ದರೂ ಜೊತೆಗೆ ಒಂದಿಷ್ಟು ಜನಪದ. ಅದರಲ್ಲಿ ಅರ್ಧಕ್ಕೇ ಕತ್ತರಿಸಿದ ಹಾಡುಗಳಿದ್ದವು. ಒಂದೇ ಹಾಡು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಎಲ್ಲೋ ಮಧ್ಯೆ ಒಂದು ಹರಿಕಥೆಯ ತುಂಡು. ಕಲಾವಿದರ ಹಕ್ಕಿನ ಮಾತೆತ್ತಿದರೆ ಇದೆಲ್ಲ ಸರಿಯಲ್ಲ, ಗೊತ್ತು. ಆದರೆ ಈ ಊರಿನ ಎಷ್ಟೋ ಜನರ ಕಿವಿಗೆ ಹಾಡು ತಲುಪಿದ್ದು ಆ ಹುಡುಗರ ಕೈಯಿಂದಲೇ. ಆ ಹರಿಕಥೆಯ ತುಂಡು ಈಗಲೂ ನನ್ನ ಕಾರ್ಡಿನಲ್ಲಿದೆ. ದಾಸರು ಸೀತೆಯ ದುಃಖವನ್ನು ವರ್ಣಿಸುತ್ತಿರುವಾಗ ನಾನು ಬಿರುಸಾಗಿ ಕೈ ಬೀಸುತ್ತಾ ಹೋಗುತ್ತಿರುತ್ತೇನೆ. ಆದರೂ ಅಳಿಸಲು ಮನಸ್ಸಿಲ್ಲ.

ಈಗ ತಾಳದ ವಿಷಯ. ಹಾಡು ಇಷ್ಟ ಇದ್ದರೆ ಸಾಕು, ನಡಿಗೆಗೆ ಆಗುತ್ತದೆ ಅಂದುಕೊಂಡಿರುವವರಿಗೆ ಒಂದು ಮಾತು: ಆಗುವುದಿಲ್ಲ. ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕಿದರೆ ದೊಡ್ಡವರಿಗೆ ಅದು ಮಧ್ಯಮ ಮಟ್ಟದ ವ್ಯಾಯಾಮ ಎಂದು ತಜ್ಞರು ಹೇಳುತ್ತಾರೆ. ಬಿರುಸು ನಡಿಗೆ 120ರ ಹತ್ತಿರ ಹೋಗುತ್ತದೆ. ಹಾಡಿನ ಬಡಿತ ಇದಕ್ಕೆ ಹೊಂದಿದರೆ ಕಾಲು ತಾನಾಗಿ ಅದನ್ನು ಹಿಡಿಯುತ್ತದೆ. ನಿಧಾನದ ಹಾಡಾದರೆ, ನಿಮಿಷಕ್ಕೆ 60 ಬಡಿತದ್ದು ಅನ್ನಿ, ಬಡಿತಕ್ಕೆ ಎರಡು ಹೆಜ್ಜೆ ಹಾಕಿದರೆ ಸರಿಹೋಗುತ್ತದೆ. ತೊಂದರೆ ಇರುವುದು 80, 85ರ ಹಾಡುಗಳಲ್ಲಿ. ಅತ್ತ ಒಂದಕ್ಕೆ ಒಂದು ಹೆಜ್ಜೆ ಹಾಕಿದರೆ ಮೆರವಣಿಗೆಯ ನಡಿಗೆ, ಇತ್ತ ಎರಡು ಹಾಕಿದರೆ ಓಟ. ಬೇಸರ ಮಾಡಿಕೊಳ್ಳಬೇಡಿ, ನಮ್ಮ ಒಳ್ಳೊಳ್ಳೆಯ ಭಾವಗೀತೆಗಳೆಲ್ಲ ಇಲ್ಲೇ ಬಂದು ಕೂರುತ್ತವೆ. ಅವನ್ನು ಮನೆಗೆ ಬಂದು ಕಾಫಿ ಕುಡಿಯುತ್ತಾ ಕೇಳಬೇಕು.

ತಾಳಕ್ಕೆ ಸರಿಯಾಗಿ ಹೆಜ್ಜೆ ಬಿದ್ದರೆ ಬರೀ ಖುಷಿಯಲ್ಲ, ಉಳಿತಾಯವೂ ಇದೆ. ಸೈಕಲ್ ತುಳಿಯುವವರ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹಾಡಿನ ಬಡಿತಕ್ಕೆ ಹೊಂದಿಸಿ ತುಳಿದಾಗ ಆಮ್ಲಜನಕ ಸುಮಾರು ಶೇ 7ರಷ್ಟು ಕಡಿಮೆ ಖರ್ಚಾಗಿತ್ತು. ಹೋಲಿಸಿದ್ದು ತುಳಿತಕ್ಕಿಂತ ತುಸು ನಿಧಾನದ ಹಾಡು ಹಾಕಿದಾಗಿನ ಲೆಕ್ಕಕ್ಕೆ. ಕಾಲು ಒಂದೇ ಸಮ ಬೀಳುತ್ತದೆ, ಹೆಚ್ಚು ಕಮ್ಮಿ ಮಾಡಿ ಸರಿಪಡಿಸಿಕೊಳ್ಳುವ ಕೆಲಸ ತಪ್ಪುತ್ತದೆ.

ನಾನು ಹೆಚ್ಚು ಇಷ್ಟಪಡುವುದು ಮೂರರ ನಡೆಯ ಹಾಡುಗಳನ್ನು, ಅಂದರೆ ಮೂರು ಬಡಿತಕ್ಕೊಮ್ಮೆ ಜೋರು ಪೆಟ್ಟು ಬೀಳುವಂಥವನ್ನು. ನಮ್ಮ ಕೋಲಾಟದ ಪದಗಳಲ್ಲಿ, ಜಾತ್ರೆಯ ಪದಗಳಲ್ಲಿ ಅದು ಬೇಕಾದಷ್ಟು ಸಿಗುತ್ತದೆ. ನಾಲ್ಕರ ನಡೆಯಲ್ಲಿ ಜೋರು ಪೆಟ್ಟು ಯಾವಾಗಲೂ ಒಂದೇ ಕಾಲಿಗೆ ಬೀಳುತ್ತದೆ. ಬಲಗಾಲಿಗೆ ಬಿದ್ದರೆ ಹಾಡು ಮುಗಿಯುವವರೆಗೂ ಬಲಗಾಲೇ. ಮೂರರಲ್ಲಿ ಒಮ್ಮೆ ಬಲ, ಮುಂದಿನ ಸಲ ಎಡ. ಏಳು ಎಣಿಕೆಯ ಮಿಶ್ರಛಾಪು ತಾಳದಲ್ಲೂ ಹಾಗೇ, ಸುತ್ತು ಮುಗಿದಾಗಲೆಲ್ಲ ಪೆಟ್ಟು ಇನ್ನೊಂದು ಕಾಲಿಗೆ ದಾಟುತ್ತದೆ. ಇದನ್ನು ಕೂತು ಕೇಳಿದರೆ ಗೊತ್ತಾಗುವುದಿಲ್ಲ, ನಡೆಯಬೇಕು. ಸಂಗೀತದ ಮೇಷ್ಟರೊಬ್ಬರು ನನಗೆ ಚಿಕ್ಕಂದಿನಲ್ಲಿ ತೊಡೆ ತಟ್ಟಿಸಿ ತಾಳ ಕಲಿಸಲು ನೋಡಿದರು, ತಲೆಗೆ ಹತ್ತಲಿಲ್ಲ. ನಡೆಸಿದ್ದರೆ ಹತ್ತುತ್ತಿತ್ತೇನೋ.

ನಮ್ಮ ಅತ್ತೆ ಹೊಸದುರ್ಗದ ಕಡೆಯವರು. ಅವರಿಗೆ ಇದೆಲ್ಲ ದೊಡ್ಡ ವಿಷಯವೇ ಅಲ್ಲ. ‘ಹಾಡಿಲ್ದೆ ಯಾವ ಕೆಲ್ಸ ಮಾಡಿದೀವಿ ನಾವು?’ ಅಂತಾರೆ. ರಾಗಿ ಬೀಸುವಾಗ ಎದುರುಬದುರು ಇಬ್ಬರು ಕೂರುವುದು, ಒಬ್ಬಳು ಪದ ಎತ್ತಿಕೊಂಡರೆ ಇನ್ನೊಬ್ಬಳು ಸೊಲ್ಲು ಹಿಡಿಯುವುದು. ಬೀಸುವ ಪದಗಳು ಬಹಳಷ್ಟು ತ್ರಿಪದಿ, ಮೂರು ಸಾಲಿಗೆ ಮುಗಿಯುತ್ತವೆ, ಮುಂದಿನ ಪದಕ್ಕೆ ಉಸಿರು ತೆಗೆದುಕೊಳ್ಳಲು ಜಾಗ ಸಿಗುತ್ತದೆ. ಸಕ್ಕರೆ ಕಾಯಿಲೆ ಬಂದು ಡಾಕ್ಟರು ದಿನಾ ನಡೆಯಲು ಹೇಳಿದ ಮೇಲೆ ಅವರಿಗೂ ಒಂದು ಪ್ಲೇಯರ್ ಬೇಕಾಯಿತು. ‘ಇದ್ರಾಗೆ ನಮ್ ಪದ ಬರ್ತವಾ?’ ಅಂದರು. ಅಂಗಡಿಯ ಹುಡುಗನ ಫೋಲ್ಡರಿನಲ್ಲಿ ಅವು ಇರಲಿಲ್ಲ. ಅವರ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಕಾರ್ಡಿಗೆ ಹಾಕಿಕೊಟ್ಟೆ. ಅವರು ಕೇಳುತ್ತಾ ನಡೆಯಲಿ ಎಂದು ನನ್ನ ಆಸೆ. ನಡೆದದ್ದು ಬೇರೆ. ಬೀಸುವ ಪದ ಕಲ್ಲು ತಿರುಗುವ ವೇಗದ್ದು, ಕೈಯದ್ದು. ಕಾಲಿಗೆ ಅದು ತೀರಾ ನಿಧಾನ. ಅತ್ತೆ ತಮ್ಮದೇ ಹಾಡಿಗೆ ಹೊಂದಿಕೊಂಡು ನಿಧಾನವಾಗುತ್ತಾ ಆಗುತ್ತಾ ಕೊನೆಗೆ ಯಾರದೋ ಮನೆಯ ಕಟ್ಟೆಯ ಮೇಲೆ ಕೂತು ಪೂರ್ತಿ ಕೇಳಿ ಬಂದರು. ಈಗ ಅವರ ಕಾರ್ಡಿನಲ್ಲಿ ತಮಟೆ ಇದೆ. ಚೆನ್ನಾಗಿ ನಡೆಯುತ್ತಾರೆ. ಬೀಸುವ ಪದವನ್ನು ಸಂಜೆ ಬಾಗಿಲಲ್ಲಿ ಕೂತು ಕೇಳುತ್ತಾರೆ, ತಾವು ಎಲ್ಲಿ ತಪ್ಪಿದೆವು ಅಂತ ಬೈದುಕೊಳ್ಳುತ್ತಾ.

ಕಿವಿಯ ಮಾತು ಬರಲೇಬೇಕು. ಚಿತ್ರದುರ್ಗದಲ್ಲಿ ಇದು ಬರೀ ಹಾಡಿನ ಪ್ರಶ್ನೆಯಲ್ಲ, ಗಾಳಿಯ ಪ್ರಶ್ನೆ. ನಮ್ಮ ಗುಡ್ಡಗಳ ಮೇಲೆ ಸಾಲು ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಎದುರುಗಾಳಿಗೆ ನಡೆದು ನೋಡಿ. ಇಯರ್‌ಫೋನಿನ ಅಂಚಿಗೆ ಗಾಳಿ ಬಡಿದು ಭರ್ರೋ ಅನ್ನುತ್ತದೆ, ಹಾಡು ಮುಳುಗುತ್ತದೆ. ಆಗ ಕೈ ತಾನಾಗಿ ದನಿ ಏರಿಸುತ್ತದೆ. ತಿರುವು ದಾಟಿ ಬಂಡೆಯ ಮರೆಗೆ ಬಂದಾಗ ಗಾಳಿ ನಿಲ್ಲುತ್ತದೆ, ಏರಿಸಿದ ದನಿ ಹಾಗೇ ಉಳಿದಿರುತ್ತದೆ. ಕಿವಿಗೆ ಪೆಟ್ಟು ಬೀಳುವುದು ಹೀಗೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದಾದ ಮಟ್ಟ 80 ಡೆಸಿಬೆಲ್. ಡೆಸಿಬೆಲ್ ಅಂದರೆ ಸದ್ದು ಎಷ್ಟು ಜೋರು ಅಂತ ಅಳೆಯುವ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿಸಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 90 ಮುಟ್ಟಿದರೆ ವಾರವಿಡೀ ಸೇರಿ 4 ಗಂಟೆ. ಗುಂಡಿಯನ್ನು ನಾಲ್ಕು ಸಲ ಒತ್ತುವುದು ನಮಗೆ ಏನೂ ಅನಿಸುವುದಿಲ್ಲ, ಕಿವಿಯ ಲೆಕ್ಕದಲ್ಲಿ ಅದು ಬಹಳ ದೂರ. ಅದೂ ಅಲ್ಲದೆ ನನ್ನ ಪ್ಲೇಯರ್‌ನಲ್ಲಿ ಡೆಸಿಬೆಲ್ ತೋರಿಸುವ ವ್ಯವಸ್ಥೆ ಇಲ್ಲ, ಎಚ್ಚರಿಕೆ ಕೊಡುವುದೂ ಇಲ್ಲ. ಪರದೆ ಇಲ್ಲದ್ದನ್ನು ಇಷ್ಟು ಹೊಗಳಿದ ಮೇಲೆ ಈ ಕೊರತೆಯನ್ನೂ ಹೇಳಬೇಕಲ್ವಾ? ಗಾಳಿ ಜೋರಿದ್ದ ದಿನ ನಾನು ಹಾಡು ನಿಲ್ಲಿಸುತ್ತೇನೆ. ಗಾಳಿಯ ಜೊತೆ ಜಗಳ ಆಡಿ ಗೆಲ್ಲಲು ಆಗುವುದಿಲ್ಲ.

ಬಲಗಿವಿ ಮಾತ್ರ ಯಾವ ದಿನವೂ ಖಾಲಿ. ಇಯರ್‌ಫೋನಿನ ಆ ಕಡೆಯ ತುದಿ ಕೊರಳಲ್ಲಿ ನೇತಾಡುತ್ತಿರುತ್ತದೆ. ಹಿಂದಿನಿಂದ ಬರುವ ಬೈಕು, ನಾಯಿ, ಸರದ ಮೇಲೆ ಕಣ್ಣಿಟ್ಟವರು, ಇವೆಲ್ಲ ಯಾವ ಹೆಂಗಸಿನ ತಲೆಯಿಂದಲೂ ಪೂರ್ತಿ ಹೋಗುವುದಿಲ್ಲ. ಎರಡೂ ಕಿವಿ ಮುಚ್ಚಿಕೊಂಡು, ಲೋಕದ ಪರಿವೆಯೇ ಇಲ್ಲದೆ ಓಡುವ ಗಂಡುಹುಡುಗರನ್ನು ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ 2007ರಲ್ಲಿ ಓಟದ ಸ್ಪರ್ಧೆಗಳಲ್ಲಿ ಇಂಥ ಪ್ಲೇಯರ್ ಬೇಡ ಅಂದಿತು. ಒಂದು ಕಾರಣ ಸುರಕ್ಷತೆ, ಇನ್ನೊಂದು ಹಾಡು ಕೇಳುವವರಿಗೆ ಅನ್ಯಾಯದ ಲಾಭ ಸಿಗುತ್ತದೆ ಎನ್ನುವುದು. ಓಟಗಾರರು ಗಲಾಟೆ ಮಾಡಿದರು, ಮರುವರ್ಷ ಬಹುಮಾನಕ್ಕಾಗಿ ಓಡದವರಿಗೆ ನಿಯಮ ಸಡಿಲವಾಯಿತು. ಹಾಡನ್ನು ಉತ್ತೇಜಕ ಮದ್ದಿನ ಸಾಲಿಗೆ ಸೇರಿಸಿದಂತಾಯಿತು ಅಂತ ಓದಿ ನಕ್ಕಿದ್ದೆ. ಆದರೆ ಸುರಕ್ಷತೆಯ ಮಾತು ನಗುವಂಥದ್ದಲ್ಲ.

ಜೋಗಿಮಟ್ಟಿಯಲ್ಲಂತೂ ಎರಡು ಮಾತಿಲ್ಲ. ಅದು ಕಾಡು, ವನ್ಯಧಾಮ. ಕರಡಿ ಇದೆ, ಚಿರತೆ ಇದೆ. ಅಲ್ಲಿ ಕಿವಿಗೆ ಏನಾದರೂ ತುರುಕಿಕೊಂಡು ಹೋಗುವುದು ಧೈರ್ಯ ಅಲ್ಲ. ಹಾಡು ಹೇಗೂ ಏರಿನಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಏರು ಶುರುವಾಗುವ ಮೊದಲೇ ಒಂದು ಸಲ ಗುಂಡಿ ಒತ್ತಿ, ವೈರು ಸುತ್ತಿ, ಒಳಗೆ ಇಟ್ಟುಬಿಡುತ್ತೇನೆ. ಆಗ ತರಗೆಲೆ ಸರಿದ ಸದ್ದು ಕೇಳುತ್ತದೆ. ನವಿಲು ಕೂಗುವುದು ಕೇಳುತ್ತದೆ. ಎಲ್ಲಕ್ಕಿಂತ ಜೋರಾಗಿ ನನ್ನದೇ ಉಸಿರು. ಅದು ನಾಲ್ಕು ಹೆಜ್ಜೆಗೆ ಒಂದಿದ್ದದ್ದು ಮೂರಕ್ಕೆ ಬಂತು, ಎರಡಕ್ಕೆ ಬಂತು ಅಂತ ತಿಳಿಯುತ್ತದೆ. ಎಲ್ಲಿ ನಿಂತು ಸುಧಾರಿಸಿಕೊಳ್ಳಬೇಕು ಎಂದು ಹೇಳುವುದು ಅದೇ. ಹಾಡಿದ್ದರೆ ಆ ಮಾತು ತಡವಾಗಿ ಕೇಳುತ್ತಿತ್ತು. ಎದೆಯ ತೊಂದರೆ, ಬಿಪಿ ಇರುವವರು ಇದನ್ನು ಗಮನಿಸಬೇಕು ಅಂತ ನನ್ನ ಅನಿಸಿಕೆ. ಆಯಾಸ ಕಮ್ಮಿ ಅನಿಸುವುದು ಎಲ್ಲರಿಗೂ ಎಲ್ಲ ಕಡೆ ಒಳ್ಳೆಯದಲ್ಲ.

ಕೋಟೆಯ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಕೋತಿ. ನೇತಾಡುವ ವೈರು ಕಂಡರೆ ಅವು ಬಿಡುವುದಿಲ್ಲ.

ಕಿವಿಗೆ ಹಾಕಿಕೊಂಡವರ ಬಗ್ಗೆ ಊರಿನ ಅಭಿಪ್ರಾಯವೂ ಒಂದಿದೆ. ‘ಏನವ್ವ, ಮಾತಾಡ್ಸಿದ್ರೂ ತಿರುಗ್ದಂಗೆ ಹೋಗ್ತೀಯಲ್ಲ, ಕಿವೀಗೆ ಏನ್ ಹಾಕ್ಕಂಡಿದೀಯ?’ ಅಂತ ಪಕ್ಕದ ಬೀದಿಯ ಅಜ್ಜಿಯೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದ್ದರು. ಸೊಕ್ಕು ಅಂತ ಅವರ ಭಾವನೆ. ನಿಜ ಹೇಳಬೇಕೆಂದರೆ ಕೆಲವೊಮ್ಮೆ ಅದೂ ಇದೆ. ಬೆಳಗಿನ ಮುಕ್ಕಾಲು ಗಂಟೆ ಬಿಟ್ಟರೆ ಇಡೀ ದಿನ ಯಾರಾದರೂ ನನ್ನನ್ನು ಮಾತಾಡಿಸುತ್ತಲೇ ಇರುತ್ತಾರೆ. ಮಗಳ ಮದುವೆ ಯಾವಾಗ, ಅತ್ತೆಗೆ ಸಕ್ಕರೆ ಎಷ್ಟಿದೆ ಅಂತ ನಡುದಾರಿಯಲ್ಲಿ ನಿಂತು ಉತ್ತರ ಕೊಡದಿರಲು ಹೆಂಗಸರಿಗೆ ಒಂದು ನೆಪ ಬೇಕು. ಕಿವಿಯ ವೈರು ಕಣ್ಣಿಗೆ ಕಾಣುವ ನೆಪ. ಎಷ್ಟೋ ಸಲ ಹಾಡು ನಿಂತಿದ್ದರೂ ಅದನ್ನು ತೆಗೆಯುವುದಿಲ್ಲ.

ಅದಕ್ಕಿಂತ ಕಷ್ಟ ಫೋನಿನ ಸ್ಪೀಕರ್ ಹಾಕಿಕೊಂಡು ನಡೆಯುವ ಹಿರಿಯರದ್ದು. ಜೇಬಿನಲ್ಲಿ ಫೋನ್, ಅದರಿಂದ ಸುಪ್ರಭಾತವೋ, ಯಾರದೋ ಭಾಷಣವೋ, ಇಡೀ ರಸ್ತೆಗೆ. ಒಬ್ಬರು ಮುಂದೆ, ಒಬ್ಬರು ಹಿಂದೆ ಸಿಕ್ಕಿಬಿಟ್ಟರೆ ಎರಡು ದೇವರ ಮಧ್ಯೆ ನಾವು. ಭಕ್ತಿ ಬಗ್ಗೆ ನನ್ನ ತಕರಾರಿಲ್ಲ. ಐವತ್ತು ರೂಪಾಯಿಯ ಇಯರ್‌ಫೋನ್ ಸಿಗುತ್ತದೆ.

ನನ್ನ ಪ್ಲೇಯರ್‌ನಲ್ಲಿ ಎಫ್ಎಂ ಕೂಡ ಇದೆ. ಚಿತ್ರದುರ್ಗ ಆಕಾಶವಾಣಿ 102.6ರಲ್ಲಿ ಬರುತ್ತದೆ. ಇದಕ್ಕೆ ಏರಿಯಲ್ ಬೇರೆ ಇಲ್ಲ, ಇಯರ್‌ಫೋನಿನ ವೈರೇ ಏರಿಯಲ್. ವೈರು ಬಿಚ್ಚಿ ಉದ್ದಕ್ಕೆ ಬಿಟ್ಟರೆ ಸ್ಪಷ್ಟ, ಮುದುರಿಕೊಂಡರೆ ಗೊರಗೊರ. ವೈರ್ ಇಲ್ಲದ ಹೊಸ ಇಯರ್‌ಬಡ್‌ಗಳನ್ನು ಮಗಳು ಕೊಡಿಸುತ್ತೇನೆ ಅಂದಾಗ ನಾನು ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಎಫ್ಎಂ ಅಲೆಗಳು ಹೆಚ್ಚುಕಡಿಮೆ ನೇರ ಹೋಗುವಂಥವು, ಬಂಡೆಗುಡ್ಡ ಅಡ್ಡ ಬಂದರೆ ಸೊರಗುತ್ತವೆ. ಚಂದ್ರವಳ್ಳಿಯ ಗುಡ್ಡಗಳ ಮಧ್ಯೆ ಹೋದಾಗ ರೈತರಿಗೆ ಸಲಹೆ ಕೊಡುತ್ತಿದ್ದವರು ತಟ್ಟನೆ ಗೊರಗೊರ ಆಗುತ್ತಾರೆ. ಈರುಳ್ಳಿಗೆ ಯಾವ ಔಷಧಿ ಹೊಡೆಯಬೇಕು ಅನ್ನುವುದು ಬಂಡೆಯ ಆ ಕಡೆ ಉಳಿದುಹೋಗುತ್ತದೆ. ನನಗೆ ಹೊಲ ಇಲ್ಲ, ಆದರೂ ಪೂರ್ತಿ ಕೇಳಬೇಕಿತ್ತು ಅನಿಸುತ್ತದೆ. ಹಾಡಿಗೆ ತಾಳ ಇದೆ, ಮಾತಿಗೆ ಇಲ್ಲ, ಆದರೂ ರೇಡಿಯೊ ಕೇಳುವಾಗ ನನ್ನ ನಡಿಗೆ ನಿಧಾನವಾಗುವುದಿಲ್ಲ. ಯಾಕೋ ಗೊತ್ತಿಲ್ಲ. ಮುಂದೇನು ಹೇಳುತ್ತಾರೆ ಅನ್ನುವ ಕುತೂಹಲವೇ ಎಳೆದುಕೊಂಡು ಹೋಗುತ್ತದೋ ಏನೋ.

ಈಚೆಗೆ ನನ್ನ ಪ್ಲೇಯರ್‌ನಲ್ಲಿ ಚಾರ್ಜ್ ನಿಲ್ಲುತ್ತಿಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಕೆರೆಯ ಹತ್ತಿರ ಹೋಗುವಷ್ಟರಲ್ಲಿ ಸತ್ತುಹೋಗುತ್ತದೆ. ಬಜಾರಿನ ಅಂಗಡಿಗೆ ಒಯ್ದೆ. ‘ಇವು ಈಗ ಬರಲ್ಲ ಅಕ್ಕಾ, ಯಾರೂ ಕೇಳಲ್ಲ’ ಅಂದ ಹುಡುಗ. ಆಮೇಲೆ ಅವನಿಗೇ ಕುತೂಹಲ ಬಂತೇನೋ, ಸಣ್ಣ ಸ್ಕ್ರೂಡ್ರೈವರ್ ಹಾಕಿ ಮೀಟಿ ತೆರೆದ. ಒಳಗೆ ಉಗುರಿನಷ್ಟು ಅಗಲದ ಬ್ಯಾಟರಿ, ಎರಡು ಎಳೆ ವೈರು, ಒಂದು ಹಸಿರು ಹಲಗೆ. ಹಾಳಾದ ಬ್ಲೂಟೂತ್ ಇಯರ್‌ಫೋನ್ ಒಂದರ ಬ್ಯಾಟರಿ ಕಿತ್ತು ಇದಕ್ಕೆ ಬೆಸುಗೆ ಹಾಕಿ ನೋಡುತ್ತೇನೆ, ಸಂಜೆ ಬನ್ನಿ ಅಂದ. ಬ್ಯಾಟರಿ ಒಂದು ಕೂದಲೆಳೆ ದಪ್ಪ ಆದೀತು, ಮುಚ್ಚಳ ಪೂರ್ತಿ ಕೂರದಿದ್ದರೆ ಟೇಪ್ ಸುತ್ತಿ ಕೊಡಲಾ ಅಂತ ಕೇಳಿದ. ಸುತ್ತಪ್ಪಾ ಅಂದೆ, ಗುಂಡಿಗಳ ಮೇಲೆ ಮಾತ್ರ ಸುತ್ತಬೇಡ.